ಹಿಮದ ಗುಡ್ಡವೂ ಕಾಲೇಜಿನ ಬಾಗಿಲೂ

ಓದು ಚೆನ್ನಾಗಿರಬೇಕು, ಹತ್ತಿರದಲ್ಲೇ ಹಿಮಜಾರಾಟಕ್ಕೆ ಒಂದು ಗುಡ್ಡವೂ ಇರಬೇಕು. ಅಮೆರಿಕದಲ್ಲಿ ಕಾಲೇಜು ಹುಡುಕುವ ಹುಡುಗ ಹುಡುಗಿಯರಲ್ಲಿ ಹೀಗೆ ಕೇಳುವವರು ಇದ್ದಾರೆ. ಈ ಬೇಡಿಕೆಯನ್ನು ಮೊದಲ ಸಲ ಕೇಳಿದಾಗ ನಮ್ಮಂಥವರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಓದಿಗೂ ಆಟಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧವೆಂದು ನಂಬಿ ಬೆಳೆದವರು ನಾವು. ಆದರೆ ಈ ಬೇಡಿಕೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಎಳೆಯನ್ನು ಹಿಡಿದು ಹೋದರೆ ಅದು ಆಟದ ಬಯಲಿನಲ್ಲಿ ನಿಲ್ಲದೆ ಕಾಲೇಜಿನ ಪ್ರವೇಶಾತಿ ಕಚೇರಿಯವರೆಗೂ ನಮ್ಮನ್ನು ಕೊಂಡೊಯ್ಯುತ್ತದೆ. ವಿದ್ಯಾರ್ಥಿ ಕಾಲೇಜನ್ನು ಆರಿಸುತ್ತಿದ್ದ ಕಾಲ ಕಳೆದು, ಕಾಲೇಜು ವಿದ್ಯಾರ್ಥಿಯನ್ನು ಆರಿಸುವ ಕಾಲ ಬಂದುದರಲ್ಲಿ ಹಿಮದ ಪಾಲೂ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಆ ಎಳೆ ಹೊರಡುವುದು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನಿಂದ. ಕನೆಕ್ಟಿಕಟ್ ನದಿಯ ದಂಡೆಯ ಮೇಲಿರುವ ಈ ಊರಿನಲ್ಲಿ ಡಾರ್ಟ್‌ಮತ್ ಕಾಲೇಜು ಇದೆ. ಅದು 1769ರಲ್ಲಿ, ಅಮೆರಿಕ ಸ್ವತಂತ್ರವಾಗುವುದಕ್ಕೂ ಮೊದಲೇ ಹುಟ್ಟಿದ ವಿದ್ಯಾಸಂಸ್ಥೆ. ಓದಿನ ವಿಷಯದಲ್ಲಿ ಅದರ ಹೆಸರು ಮೊದಲಿನಿಂದಲೂ ದೊಡ್ಡದು. ಡೇನಿಯಲ್ ವೆಬ್‌ಸ್ಟರ್ ಅಲ್ಲಿಯ ವಿದ್ಯಾರ್ಥಿ. 1819ರಲ್ಲಿ ಆತ ತನ್ನ ಕಾಲೇಜಿನ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೊಕದ್ದಮೆಯನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆದರೆ ಚಳಿಗಾಲ ಬಂತೆಂದರೆ ಆ ಹೆಸರಿನಿಂದ ಬೆಚ್ಚಗಾಗುವಂತಿರಲಿಲ್ಲ. ನಗರಗಳಿಂದ ದೂರದ ಊರು, ತಿಂಗಳುಗಟ್ಟಲೆ ಕರಗದ ಹಿಮ, ಬೇಗನೆ ಕವಿಯುವ ಕತ್ತಲೆ. ವಿದ್ಯಾರ್ಥಿಗಳು ಒಲೆಯ ಸುತ್ತ ಕೂತು, ಕಿಟಕಿ ಮುಚ್ಚಿದ ಕೋಣೆಗಳಲ್ಲಿ ವಸಂತಕ್ಕಾಗಿ ಕಾಯುತ್ತಿದ್ದರು. ಹಿಮವೆಂದರೆ ಆ ಕಾಲೇಜಿಗೆ ಒಂದು ಕೊರತೆಯೇ ಆಗಿತ್ತು.

1909ರ ಡಿಸೆಂಬರ್‌ನಲ್ಲಿ ಫ್ರೆಡ್ ಹ್ಯಾರಿಸ್ ಎಂಬ ವಿದ್ಯಾರ್ಥಿ ಕಾಲೇಜಿನ ಪತ್ರಿಕೆಗೆ ಒಂದು ಕಾಗದ ಬರೆದ. ನೆರೆಯ ವರ್ಮಾಂಟ್ ಸಂಸ್ಥಾನದ ಬ್ರಾಟಲ್‌ಬರೋ ಊರಿನವನು. ಸ್ಕೀಯಿಂಗ್ ಎಂದರೆ ಅವನಿಗೆ ಪ್ರಾಣ. ಚಳಿಗಾಲವನ್ನು ಒಳಗೆ ಕೂತು ಕಳೆಯುವ ಬದಲು ಹೊರಗೆ ಹೋಗಿ ಅನುಭವಿಸೋಣ, ಅದಕ್ಕೊಂದು ಸಂಘ ಕಟ್ಟೋಣ ಎಂಬುದು ಅವನ ಸೂಚನೆ. ಹೀಗೆ ಹುಟ್ಟಿದ್ದು ಡಾರ್ಟ್‌ಮತ್ ಔಟಿಂಗ್ ಕ್ಲಬ್. 1910ರ ಫೆಬ್ರವರಿಯಲ್ಲಿ ಸಣ್ಣ ಪ್ರಮಾಣದಲ್ಲಿ ನಡೆದ ಹಿಮಕ್ರೀಡೆಗಳು ಮರುವರ್ಷವೇ ವಿಂಟರ್ ಕಾರ್ನಿವಲ್ ಎಂಬ ಚಳಿಗಾಲದ ಜಾತ್ರೆಯಾಗಿ ಬೆಳೆದವು. ಸಂಘದವರು ಬೆಟ್ಟಗಳಲ್ಲಿ ಕಾಲುದಾರಿ ಕಡಿದರು, ಅಲ್ಲಲ್ಲಿ ಮರದ ಗುಡಿಸಲು ಕಟ್ಟಿದರು. ಅಧ್ಯಾಪಕರೂ ಜೊತೆಗೂಡಿದರು. ಭೌತಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಪ್ರಾಕ್ಟರ್ ಸ್ಕೀ ಪಂದ್ಯಗಳ ಸಂಘಟಕರಾದರು. 1927ರಲ್ಲಿ ಮೂಸಿಲಾಕಿ ಬೆಟ್ಟದ ಗಾಡಿದಾರಿಯಲ್ಲಿ ನಡೆದ ಇಳಿಜಾರಿನ ಓಟವನ್ನು ಅಮೆರಿಕದ ಆಧುನಿಕ ಡೌನ್‌ಹಿಲ್ ಪಂದ್ಯಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಅವರ ಮಗ 1928ರ ಸೇಂಟ್ ಮೋರಿಟ್ಜ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಸ್ಪರ್ಧಿಸಿದ. ಪ್ರಯೋಗಶಾಲೆಯಲ್ಲಿ ಗುರುತ್ವಾಕರ್ಷಣೆ ಕಲಿಸಿದ ಮೇಷ್ಟ್ರು ಸಂಜೆ ಅದನ್ನು ಗುಡ್ಡದ ಮೇಲೆ ತೋರಿಸಿಕೊಡುವ ಸುಯೋಗ ಎಲ್ಲ ಕಾಲೇಜಿಗೂ ಸಿಕ್ಕುವುದಲ್ಲ.

ಹೀಗೆ ಕೊರತೆಯೇ ಆಕರ್ಷಣೆಯಾಯಿತು. 1920ರ ಫೆಬ್ರವರಿಯ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಹ್ಯಾರಿಸ್ ನ್ಯೂ ಹ್ಯಾಂಪ್‌ಷೈರ್ ಗುಡ್ಡಗಳ ಸ್ಕೀಯಿಂಗ್ ಕುರಿತು ಚಿತ್ರಸಹಿತ ಲೇಖನ ಬರೆದ. ಅದನ್ನು ದೇಶದ ಮೂಲೆ ಮೂಲೆಯ ಮನೆಗಳಲ್ಲಿ ಓದಿದರು. ಆ ಹೊತ್ತಿಗೆ ಡಾರ್ಟ್‌ಮತ್‌ಗೆ ಬರುವ ಅರ್ಜಿಗಳು ಹಿಂದೆಂದೂ ಕಾಣದಷ್ಟು ಏರಿದವು. ಅದಕ್ಕೆ ಹಿಮವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಮೊದಲ ಮಹಾಯುದ್ಧ ಮುಗಿದು ಅಮೆರಿಕದ ಕಾಲೇಜುಗಳೆಲ್ಲ ತುಂಬಿ ತುಳುಕುತ್ತಿದ್ದ ಕಾಲವದು. ಆದರೂ ಅಷ್ಟು ಕಾಲೇಜುಗಳ ನಡುವೆ ದೂರದ ಹ್ಯಾನೋವರ್ ಹುಡುಗರ ಕಣ್ಣಿಗೆ ಬಿದ್ದದ್ದಕ್ಕೆ ಆ ಚಿತ್ರಗಳೂ ಕಾರಣ ಎಂಬುದನ್ನು ಕಾಲೇಜಿನವರೇ ಒಪ್ಪಿಕೊಂಡಿದ್ದಾರೆ.

ಅರ್ಜಿ ಹೆಚ್ಚಾದರೆ ಆರಿಸಬೇಕಾಗುತ್ತದೆ. ಅದುವರೆಗೆ ನಿಗದಿಯಾದ ವಿಷಯಗಳಲ್ಲಿ ತೇರ್ಗಡೆಯಾದವನಿಗೆ ಸಾಮಾನ್ಯವಾಗಿ ಜಾಗ ಸಿಕ್ಕುತ್ತಿತ್ತು. 1921ರಲ್ಲಿ, ಅರ್ನೆಸ್ಟ್ ಮಾರ್ಟಿನ್ ಹಾಪ್‌ಕಿನ್ಸ್ ಅಧ್ಯಕ್ಷರಾಗಿದ್ದಾಗ, ಡಾರ್ಟ್‌ಮತ್ ಹೊಸ ಆಯ್ಕೆಪದ್ಧತಿಯನ್ನು ಪ್ರಕಟಿಸಿತು. ಅಂಕಗಳ ಜೊತೆಗೆ ಹುಡುಗನ ನಡತೆ, ಶಾಲೆಯಲ್ಲಿ ಅವನು ಮಾಡಿದ ಇತರ ಕೆಲಸ, ಅವನು ಬರುವ ಪ್ರದೇಶ ಇವೆಲ್ಲವೂ ಲೆಕ್ಕಕ್ಕೆ ಬಂದವು. ಮಿಸಿಸಿಪಿ ನದಿಯ ಆಚೆಯವರಿಗೆ, ದಕ್ಷಿಣದವರಿಗೆ ಒಲವು ತೋರಲಾಯಿತು. ಹಳೆಯ ವಿದ್ಯಾರ್ಥಿಗಳ ಗಂಡುಮಕ್ಕಳಿಗೆ, ಅರ್ಹತೆಯಿದ್ದರೆ, ಜಾಗ ಖಚಿತವಾಯಿತು. ಇಂದು ಅಮೆರಿಕದ ಕಾಲೇಜುಗಳು ಇಡಿಯ ವ್ಯಕ್ತಿತ್ವವನ್ನು ನೋಡಿ ಆರಿಸುತ್ತೇವೆ ಎನ್ನುತ್ತವಲ್ಲ, ಆ ಪದ್ಧತಿಯ ಮೊದಲ ರೂಪಗಳಲ್ಲಿ ಇದೂ ಒಂದು.

ಓದಿದರೆ ಇದು ಉದಾರವಾಗಿಯೇ ಕಾಣುತ್ತದೆ. ಅಂಕವೊಂದೇ ಮನುಷ್ಯನಲ್ಲ ಎಂಬ ಮಾತನ್ನು ಯಾರು ತಾನೆ ಅಲ್ಲಗಳೆಯುತ್ತಾರೆ? ಆದರೆ ಅಳತೆಗೆ ಸಿಕ್ಕದ ಗುಣಗಳನ್ನು ಅಳೆಯುವ ಅಧಿಕಾರ ಒಂದು ಕೋಣೆಯೊಳಗಿನ ಕೆಲವರ ಕೈಗೆ ಬಂದಾಗ, ಆ ಕೋಣೆಯ ಪೂರ್ವಗ್ರಹಗಳೂ ಅಳತೆಗೋಲಾಗುತ್ತವೆ. ಅದೇ ದಶಕದಲ್ಲಿ ಹಾರ್ವರ್ಡ್ ಅರ್ಜಿಯಲ್ಲಿ, ನಿನ್ನ ಅಥವಾ ನಿನ್ನ ತಂದೆಯ ಹೆಸರು ಹುಟ್ಟಿದ ಮೇಲೆ ಬದಲಾಗಿದೆಯೇ ಎಂದು ಕೇಳತೊಡಗಿದರು. ಪರೀಕ್ಷೆಯಲ್ಲಿ ಮುಂದಿದ್ದ ಯಹೂದಿ ಹುಡುಗರನ್ನು ಗುರುತಿಸುವುದು ಅದರ ಉದ್ದೇಶ. ಡಾರ್ಟ್‌ಮತ್ ಕೂಡ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. 1945ರಲ್ಲಿ ಹಾಪ್‌ಕಿನ್ಸ್ ಆ ಮಿತಿಯನ್ನು ಬಹಿರಂಗವಾಗಿಯೇ ಸಮರ್ಥಿಸಿಕೊಂಡರು. ಹೆಸರು ಕೇಳುವ ನೆಪದಲ್ಲಿ ಜಾತಿ ಅಳೆಯುವ ನಾಜೂಕನ್ನು ಚೆನ್ನಾಗಿ ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಯಲಿನ ಆಟ, ಕಟ್ಟುಮಸ್ತಾದ ಮೈ, ಎಲ್ಲರೊಡನೆ ಬೆರೆಯುವ ಲವಲವಿಕೆ ಇವು ಮೆಚ್ಚಬೇಕಾದ ಗುಣಗಳೇ. ಆದರೆ ಪುಸ್ತಕದ ಹುಳು ಎಂದು ಒಬ್ಬನನ್ನು ಬದಿಗೆ ಸರಿಸಲೂ ಅವೇ ಗುಣಗಳ ಪಟ್ಟಿ ಬಳಕೆಯಾಯಿತು.

ಹಿಮದ ಜಾತ್ರೆಗೂ ಅಂಚುಗಳಿದ್ದವು. ಅದು ಆಗ ಗಂಡುಮಕ್ಕಳ ಕಾಲೇಜು. ಕಾರ್ನಿವಲ್ ದಿನಗಳಲ್ಲಿ ಬೇರೆ ಕಾಲೇಜುಗಳ ಹೆಣ್ಣುಮಕ್ಕಳು ರೈಲುಗಳಲ್ಲಿ ಅತಿಥಿಗಳಾಗಿ ಬರುತ್ತಿದ್ದರು. 1923ರಿಂದ ಅವರಲ್ಲೊಬ್ಬಳನ್ನು ಹಿಮದ ರಾಣಿಯೆಂದು ಆರಿಸುವ ವಾಡಿಕೆ ಶುರುವಾಯಿತು. ರಾಣಿಯಾಗಬಹುದಿತ್ತು, ವಿದ್ಯಾರ್ಥಿನಿಯಾಗುವಂತಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಆ ನೆಲದ ಮೂಲನಿವಾಸಿಗಳ ಕತೆಯಿದೆ. ಮೊಹೀಗನ್ ಬುಡಕಟ್ಟಿನ ಪಾದ್ರಿ ಸ್ಯಾಮ್ಸನ್ ಆಕಮ್ 1760ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ, ತಮ್ಮವರ ಮಕ್ಕಳ ಶಿಕ್ಷಣಕ್ಕೆಂದು ಊರೂರು ಅಲೆದು ಹಣ ಕೂಡಿಸಿ ತಂದರು. ಆ ಹಣದಿಂದ ಎದ್ದ ಕಾಲೇಜು ಮುಖ್ಯವಾಗಿ ಬಿಳಿಯರ ಮಕ್ಕಳದಾಯಿತು. ಆಕಮ್ ಆ ನೋವನ್ನು ಕಡೆಯವರೆಗೂ ಮರೆಯಲಿಲ್ಲ.

ಸಾಹಿತ್ಯದ ಓದುಗರಾದ ನಮಗೆ ಈ ಜಾತ್ರೆಯ ಇನ್ನೊಂದು ನೆನಪೂ ಉಂಟು. 1939ರ ಫೆಬ್ರವರಿಯಲ್ಲಿ, ಕಾರ್ನಿವಲ್ ಕುರಿತ ಚಲನಚಿತ್ರಕ್ಕೆ ಕತೆ ಬರೆಯಲೆಂದು ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಹ್ಯಾನೋವರ್‌ಗೆ ಬಂದ. ಜೊತೆಗೆ ಅದೇ ಕಾಲೇಜಿನಲ್ಲಿ ಓದಿದ್ದ ಯುವಕ ಬಡ್ ಶುಲ್ಬರ್ಗ್. ನಿರ್ಮಾಪಕ ವಾಲ್ಟರ್ ವೇಂಜರ್ ಕೂಡ ಅಲ್ಲಿಯವನೇ. ಗ್ಯಾಟ್ಸ್‌ಬಿಯನ್ನು ಸೃಷ್ಟಿಸಿದ ಲೇಖಕ ಆ ಹೊತ್ತಿಗೆ ಸಾಲದಲ್ಲೂ ಕುಡಿತದಲ್ಲೂ ಸೋತುಹೋಗಿದ್ದ. ಅಲ್ಲಿಯೂ ಕುಡಿದು, ಕೆಲಸ ಕಳೆದುಕೊಂಡ. ಮರುವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡ. ಶುಲ್ಬರ್ಗ್ 1950ರಲ್ಲಿ ಪ್ರಕಟಿಸಿದ ‘ದಿ ಡಿಸೆನ್‌ಚಾಂಟೆಡ್’ ಕಾದಂಬರಿಗೆ ಆ ಪ್ರಯಾಣವೇ ವಸ್ತು. ಹೊಳೆಯುವ ಯೌವನದ ಬಗ್ಗೆ ಅಷ್ಟು ಬರೆದವನಿಗೆ ಯೌವನದ ಆ ಉತ್ಸವದಲ್ಲಿ ನಿಲ್ಲಲು ಜಾಗ ಸಿಕ್ಕಲಿಲ್ಲ.

ಅಷ್ಟರಲ್ಲಿ ಆಟ ಕಾಲೇಜಿನ ಗೋಡೆ ದಾಟಿ ಹೋಗಿತ್ತು. 1934ರಲ್ಲಿ ಹ್ಯಾನೋವರ್‌ಗೆ ಹೆಚ್ಚು ದೂರವಿಲ್ಲದ ವುಡ್‌ಸ್ಟಾಕ್‌ನ ಒಂದು ಹೊಲದಲ್ಲಿ ಹಳೆಯ ಫೋರ್ಡ್ ಕಾರಿನ ಎಂಜಿನ್ನಿಗೆ ಹಗ್ಗ ಕಟ್ಟಿ, ಆಟಗಾರರನ್ನು ಗುಡ್ಡದ ಮೇಲಕ್ಕೆ ಎಳೆಯುವ ಏರ್ಪಾಡಾಯಿತು. ಅಮೆರಿಕದಲ್ಲಿ ಅದೇ ಮೊದಲು. ಅದುವರೆಗೆ ಒಂದು ಸಲ ಜಾರಲು ಬಹಳ ಹೊತ್ತು ಹತ್ತಬೇಕಿತ್ತು. ಮರುವರ್ಷ ಡಾರ್ಟ್‌ಮತ್ ತನ್ನ ಓಕ್ ಹಿಲ್ ಗುಡ್ಡದಲ್ಲಿ ಯಂತ್ರದ ಲಿಫ್ಟ್ ಹಾಕಿಸಿತು. ವರ್ಮಾಂಟಿನ ಮಿಡಲ್‌ಬರಿ ಕಾಲೇಜು ತನ್ನದೇ ಸ್ನೋ ಬೌಲ್ ಎಂಬ ಸ್ಕೀ ಗುಡ್ಡವನ್ನು ಬೆಳೆಸಿಕೊಂಡಿತು. ಕವಿ ರಾಬರ್ಟ್ ಫ್ರಾಸ್ಟ್ ಬೇಸಗೆಗಳಲ್ಲಿ ಪಾಠ ಹೇಳುತ್ತಿದ್ದ ಬ್ರೆಡ್ ಲೋಫ್ ಶಾಲೆ ಇರುವುದೂ ಅದೇ ಬೆಟ್ಟಸಾಲಿನಲ್ಲಿ. ಅಲ್ಲಿ ಫೆಬ್ರವರಿಯಲ್ಲಿ ಓದು ಮುಗಿಸುವವರು ಪದವಿಯ ನಿಲುವಂಗಿ ತೊಟ್ಟು ಆ ಗುಡ್ಡದಿಂದ ಜಾರಿ ಇಳಿಯುವ ಸಂಪ್ರದಾಯ ಇಂದಿಗೂ ಇದೆ. 1941ರಲ್ಲಿ ಅಮೆರಿಕದ ಸೇನೆ ಪರ್ವತದಳ ಕಟ್ಟಿದಾಗ ಮೊದಲು ವರದಿ ಮಾಡಿಕೊಂಡವನು ಡಾರ್ಟ್‌ಮತ್ ಸ್ಕೀ ತಂಡದ ನಾಯಕನಾಗಿದ್ದ ಚಾರ್ಲ್ಸ್ ಮೆಕ್‌ಲೇನ್. ಆ ದಳದಲ್ಲಿ ದುಡಿದವರು ಯುದ್ಧದ ನಂತರ ಪಶ್ಚಿಮದ ರಾಕಿ ಪರ್ವತಗಳಲ್ಲಿ ಸ್ಕೀ ಊರುಗಳನ್ನು ಕಟ್ಟಿದರು. ಡೆನ್ವರ್, ಕೊಲೊರಾಡೊ, ಯೂಟಾ ವಿಶ್ವವಿದ್ಯಾಲಯಗಳು ಮುಂದೆ ಬಂದವು. 1954ರಲ್ಲಿ ಮೊದಲ ರಾಷ್ಟ್ರೀಯ ಅಂತರಕಾಲೇಜು ಸ್ಕೀ ಪ್ರಶಸ್ತಿಯನ್ನು ಗೆದ್ದದ್ದು ಡೆನ್ವರ್.

ಹ್ಯಾನೋವರ್‌ನ ಬಾಗಿಲು ತೆರೆದದ್ದು ನಿಧಾನವಾಗಿ. 1970ರಲ್ಲಿ ಅಲ್ಲಿಯ ಅಧ್ಯಕ್ಷರಾದ ಜಾನ್ ಕೆಮೆನಿ ಬುಡಾಪೆಸ್ಟಿನ ಯಹೂದಿ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲೇ ದೇಶ ಬಿಟ್ಟು ಬಂದ ಗಣಿತಜ್ಞ. ಥಾಮಸ್ ಕರ್ಟ್ಜ್ ಜೊತೆಗೂಡಿ 1964ರಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರು ಇವರೇ. ನಮ್ಮ ಪೀಳಿಗೆಯವರು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಮೊದಲು ಕಲಿತದ್ದು ಆ ಭಾಷೆಯನ್ನೇ. ಗಣಿತ ಇಲಾಖೆಯವರಾದರೂ ಅವರು ಅದನ್ನು ಗಣಿತ ಓದದವರಿಗಾಗಿಯೇ ಮಾಡಿದ್ದರು. ಅವರ ಕಾಲದಲ್ಲೇ 1972ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ದೊರೆಯಿತು, ಹಿಮದ ರಾಣಿಯ ಆಯ್ಕೆ ನಿಂತಿತು. ಮೂಲನಿವಾಸಿಗಳ ಮಕ್ಕಳನ್ನು ಕರೆತರುವ ಹಳೆಯ ವಾಗ್ದಾನವನ್ನೂ ಅವರು ಮತ್ತೆ ಕೈಗೆತ್ತಿಕೊಂಡರು. ಬಾಗಿಲಲ್ಲಿ ಯಾರ ಸಂಖ್ಯೆಯನ್ನು ಎಣಿಸಿ ತಡೆಯುತ್ತಿದ್ದರೋ ಅಂಥ ಮನೆತನದವರೊಬ್ಬರು ಆ ಬಾಗಿಲನ್ನು ಅಗಲ ಮಾಡಿದರು.

ಈ ಚರಿತ್ರೆ ನಮಗೇಕೆ ಬೇಕು? ನಮ್ಮದು ರ್‍ಯಾಂಕಿನ ನಾಡು. ಐಐಟಿ ಪ್ರವೇಶಪರೀಕ್ಷೆಯಾಗಲಿ, ಕರ್ನಾಟಕದಲ್ಲಿ 1994ರಲ್ಲಿ ಶುರುವಾದ ಸಿಇಟಿಯಾಗಲಿ, ಅಂಕದ ಮುಂದೆ ಅಪ್ಪನ ಪರಿಚಯ ನಡೆಯಬಾರದು ಎಂಬ ಆಸೆಯಿಂದ ಬಂದ ವ್ಯವಸ್ಥೆಗಳು. ಅವುಗಳ ಕ್ರೌರ್ಯ ನಮಗೆ ಗೊತ್ತು. ಒಂದು ಪರೀಕ್ಷೆಗಾಗಿ ಎರಡು ವರ್ಷ ಬಿಸಿಲು ಕಾಣದ ಮಕ್ಕಳು ಮುಂಬಯಿಯಲ್ಲೂ ಇದ್ದಾರೆ, ದೆಹಲಿಯಲ್ಲೂ ಇದ್ದಾರೆ. ಆದ್ದರಿಂದಲೇ ಹೊರದೇಶದ ಅರ್ಜಿ ಬೇರೆಯೇ ಬಗೆಯ ಪ್ರಶ್ನೆ ಕೇಳಿದಾಗ ನಮಗೆ ಕಿಟಕಿ ತೆರೆದಂತಾಗುತ್ತದೆ. ಆದರೆ ಆ ಪ್ರಶ್ನೆಗಳಿಗೂ ಒಂದು ಹುಟ್ಟುಚರಿತ್ರೆಯಿದೆ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಪ್ರವೇಶಾತಿಯಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿಲ್ಲಿಸಿತು. ಏಷ್ಯಾ ಮೂಲದ ಮಕ್ಕಳಿಗೆ ವ್ಯಕ್ತಿತ್ವದ ಅಂಕ ಕಡಿಮೆ ಕೊಡುತ್ತಿದ್ದಾರೆಂಬ ಆಪಾದನೆ ಆ ಮೊಕದ್ದಮೆಯ ಒಂದು ಮುಖ್ಯ ಅಂಗವಾಗಿತ್ತು. ತೀರ್ಪಿನ ಬಗ್ಗೆ ನಮ್ಮೊಳಗೇ ಭಿನ್ನಾಭಿಪ್ರಾಯವಿರಬಹುದು. ವ್ಯಕ್ತಿತ್ವವನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಮಾತ್ರ 1921ರದೇ. 2024ರಲ್ಲಿ ಡಾರ್ಟ್‌ಮತ್ ತಾನೇ ಮುಂದಾಗಿ ಪ್ರವೇಶಕ್ಕೆ ಸ್ಯಾಟ್‌ನಂಥ ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು. ಬಡ ಮನೆಯ ಜಾಣಮಕ್ಕಳನ್ನು ಗುರುತಿಸಲು ಅಂಕ ನೆರವಾಗುತ್ತದೆ ಎಂಬುದು ಅದು ಕೊಟ್ಟ ಕಾರಣ.

ಓದಿನ ಜೊತೆ ಗುಡ್ಡವನ್ನೂ ಕೇಳುವ ಮಗುವನ್ನು ನಾವು ಗದರಬೇಕಾಗಿಲ್ಲ. ತಾನಿರುವ ನೆಲ, ಅಲ್ಲಿಯ ಹವೆ, ಜೊತೆಗೆ ಹತ್ತುವ ಗೆಳೆಯರು ಇವೂ ವಿದ್ಯೆಯ ಭಾಗವೆಂದು ಫ್ರೆಡ್ ಹ್ಯಾರಿಸ್ ಒಂದು ಕಾಗದದಲ್ಲಿ ತೋರಿಸಿಕೊಟ್ಟ. ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಮಾನಸಗಂಗೋತ್ರಿಯನ್ನು ಕಟ್ಟಿದ ನಾಡಿನವರಿಗೆ ಅದು ಹೊಸ ಮಾತೇನಲ್ಲ. ಆದರೆ ಮಗುವಿಗೆ ಇನ್ನೆರಡು ಪ್ರಶ್ನೆಗಳನ್ನು ಕಲಿಸಿಕೊಡುವುದು ಹಿರಿಯರ ಕೆಲಸ. ಹಿಮವನ್ನೇ ಕಾಣದೆ ಬೆಳೆದವನಿಗೆ ಆ ಕಾಲೇಜು ಸ್ಕೀ ಕಟ್ಟಿಕೊಳ್ಳುವುದನ್ನು ಮೊದಲಿನಿಂದ ಕಲಿಸುತ್ತದೆಯೇ? ಅದರ ಖರ್ಚು ಕೊಡಲಾರದವನು ಆ ದಿನ ಹಾಸ್ಟೆಲಿನಲ್ಲಿ ಒಬ್ಬನೇ ಉಳಿಯುತ್ತಾನೆಯೇ? ಈ ಎರಡಕ್ಕೆ ಸಿಕ್ಕುವ ಉತ್ತರದಿಂದ ಗುಡ್ಡದ ವಿಚಾರ ತಿಳಿಯುವುದಕ್ಕಿಂತ ಹೆಚ್ಚಾಗಿ ಕಾಲೇಜಿನ ವಿಚಾರ ತಿಳಿಯುತ್ತದೆ.