ಬೆಳಕಿಂಡಿಯಿಂದ ಚಿತ್ರಶಾಲೆಗೆ

ರಬಕವಿ-ಬನಹಟ್ಟಿಯ ಹಳೆಯ ನೇಕಾರರ ಮನೆಗಳಿಗೆ ಕಿಟಕಿಗಳು ಕಡಿಮೆ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನಿಗೆ ಎಳೆ ಕಾಣಿಸುತ್ತಿದ್ದುದು ಅದರಿಂದಲೇ. ಜಮಖಂಡಿ, ಮುಧೋಳ, ಬೀಳಗಿಯ ಮಾಳಿಗೆ ಮನೆಗಳಲ್ಲೂ ಇದೇ ಏರ್ಪಾಡು. ಮಳೆ ಬಂದರೆ ಮುಚ್ಚಬೇಕು, ಆಗ ಹಗಲಲ್ಲೇ ದೀಪ!

ಚಿತ್ರಶಾಲೆ ಕಟ್ಟುವವರು ನೆಚ್ಚಿಕೊಂಡಿದ್ದೂ ಇಂಥದೇ ಉಪಾಯವನ್ನು. 1817ರಲ್ಲಿ ಸಾರ್ವಜನಿಕರಿಗೆ ತೆರೆದ ಲಂಡನ್ನಿನ ಡಲ್ವಿಚ್ ಚಿತ್ರಶಾಲೆಯಲ್ಲಿ ವಾಸ್ತುಶಿಲ್ಪಿ ಜಾನ್ ಸೋನ್ ಬೆಳಕನ್ನು ಮಾಡಿನಿಂದ ಇಳಿಸಿದ. ಗೋಡೆಗೆ ಕಿಟಕಿ ಇಟ್ಟರೆ ಚಿತ್ರ ತೂಗುಹಾಕುವ ಜಾಗ ಹೋಗುತ್ತದೆ. ಎದುರು ಕಿಟಕಿಯ ಬೆಳಕು ಚಿತ್ರದ ಗಾಜಿಗೆ ಬಿದ್ದರೆ ನೋಡುವವನಿಗೆ ತನ್ನ ಮುಖವೇ ಕಾಣುತ್ತದೆ.

ಯುರೋಪಿನವರ ಇನ್ನೊಂದು ಸೂತ್ರ, ಉತ್ತರದ ಬೆಳಕು. ಅಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ. ನಮ್ಮ ಕಡೆ ಹಾಗಲ್ಲ. ಜಮಖಂಡಿ ಇರುವುದು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ನೆತ್ತಿ ದಾಟಿದ ಸೂರ್ಯ ಆಗಸ್ಟ್ ಮೊದಲ ವಾರದವರೆಗೆ ಉತ್ತರಕ್ಕೇ ವಾಲಿರುತ್ತಾನೆ. ಮಧ್ಯಾಹ್ನದ ಬಿಸಿಲಿಗೆ ಗಿಡ್ಡ ಸೂರು ಸಾಕು. ಬೆಳಿಗ್ಗೆ, ಸಂಜೆ ಓರೆಯಾಗಿ ನುಗ್ಗುವುದಕ್ಕೆ ಕಿಟಕಿಯ ಪಕ್ಕದಲ್ಲಿ ಅಡ್ಡಗೋಡೆಯೂ ಬೇಕು.

ಇದನ್ನು ನೋಡಬೇಕೆಂದರೆ ಇದೇ ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಹೋಗಬೇಕು. ಚಾಲುಕ್ಯ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಯ ಮುಖ ಉತ್ತರಕ್ಕಿದೆ. ಮುಂದೆ ಚಾಚಿದ ಕಲ್ಲಿನ ಸೂರು, ಒಳಗೆ ಕಂಬಗಳ ಪಡಸಾಲೆ. ಅದರ ಪೂರ್ವದ ತುದಿಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿಗೆ ಬೆಳಕು ಬೀಳುವುದು ಪಕ್ಕದಿಂದ. ಉಬ್ಬುಶಿಲ್ಪಕ್ಕೆ ಬೇಕಾದದ್ದು ಅದೇ. ನೆರಳಿಲ್ಲದಿದ್ದರೆ ಉಬ್ಬೂ ಇಲ್ಲ. ಶಿಲ್ಪಿಗಳು ಇದನ್ನೆಲ್ಲ ಲೆಕ್ಕ ಹಾಕಿಯೇ ಕೊರೆದರೆನ್ನುವುದು ಅತಿಯಾದೀತು. ಬಂಡೆ ಇದ್ದ ದಿಕ್ಕಿಗೇ ಗುಹೆಯೂ ಮುಖ ಮಾಡಬೇಕಲ್ಲ! ಆ ಸೂರಿನ ಅಡಿಯಲ್ಲಿದ್ದ ವರ್ಣಚಿತ್ರಗಳಲ್ಲಿ ಮಾತ್ರ ಇಂದು ಉಳಿದಿರುವುದು ತುಣುಕುಗಳು.

ಹೋದ ಬಣ್ಣ ಮರಳಿ ಬರುವುದಿಲ್ಲ. ಅದಕ್ಕೇ ವಸ್ತುಸಂಗ್ರಹಾಲಯಗಳಲ್ಲಿ ಬೆಳಕನ್ನೂ ಅಳೆಯುತ್ತಾರೆ, ಲಕ್ಸ್ ಎಂಬ ಮಾನದಲ್ಲಿ. ತೈಲಚಿತ್ರಕ್ಕೆ ಸುಮಾರು 200 ಲಕ್ಸ್, ಜಲವರ್ಣಕ್ಕೂ ಬಟ್ಟೆಗೂ 50. ಬಯಲಿನ ನಡುಮಧ್ಯಾಹ್ನದ ಬಿಸಿಲಾದರೋ ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅಂದಮೇಲೆ ಇಳಕಲ್ ಸೀರೆಯನ್ನು ಬೆಳಕಿಂಡಿಯ ಕೆಳಗೆ ನೇಯಬಹುದೇ ಹೊರತು ವರ್ಷಗಟ್ಟಲೆ ಅಲ್ಲಿ ತೂಗುಹಾಕುವಂತಿಲ್ಲ.

ಹಾಗೆಂದು ಹಳೆಯ ವಾಡೆಯನ್ನು ಚಿತ್ರಶಾಲೆ ಮಾಡಹೊರಟವರು ಕಿಂಡಿ ಮುಚ್ಚಿ ಟ್ಯೂಬ್‌ಲೈಟ್ ಹಾಕಬೇಕಾಗಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ 1972ರಲ್ಲಿ ತೆರೆದ ಕಿಂಬೆಲ್ ವಸ್ತುಸಂಗ್ರಹಾಲಯದ ಕಮಾನು ಮಾಡಿನ ನೆತ್ತಿಯಲ್ಲಿ ಉದ್ದನೆಯ ಸೀಳು ಬಿಟ್ಟ ಲೂಯಿ ಕಾನ್, ಅದರಡಿ ರೆಕ್ಕೆಯಂತೆ ಬಾಗಿದ ಅಲ್ಯೂಮಿನಿಯಂ ಹಾಳೆ ತೂಗಿಬಿಟ್ಟ. ಬಿಸಿಲು ಅದಕ್ಕೆ ಬಡಿದು ಮಾಡಿಗೆ ಮರಳುತ್ತದೆ. ಅಲ್ಲಿಂದ ತಣ್ಣಗೆ ಕೆಳಗಿಳಿಯುತ್ತದೆ. ನಮ್ಮ ಬೆಳಕಿಂಡಿಗೆ ಅಷ್ಟು ದುಬಾರಿ ಸಾಮಾನು ಬೇಡ, ಬಾಗಿದ ತಗಡು, ಮೇಲೊಂದು ಗಾಜು, ಸುತ್ತ ಸುಣ್ಣ ಸಾಕು. ಸೀರೆಗಳನ್ನು ಒಳಕೋಣೆಯಲ್ಲಿಡಲಿ.