ಹೆಸರಾಗುವ ಮುನ್ನ: ಡೇವಿಡ್ ಬೋವಿಯ ಆರಂಭದ ಧ್ವನಿಮುದ್ರಿಕೆಗಳು

1969ರ ಜುಲೈ 11ರಂದು ‘ಸ್ಪೇಸ್ ಆಡಿಟಿ’ ಹೊರಬಂದಾಗ ಡೇವಿಡ್ ಬೋವಿಗೆ 22 ವರ್ಷ. ಆ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿ ಅವನ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ನಾವು ಬಹುತೇಕರು ಬೋವಿಯನ್ನು ಕೇಳಲು ತೊಡಗುವುದು ಅಲ್ಲಿಂದಲೇ. ಆದರೆ ಅಷ್ಟು ಹೊತ್ತಿಗೆ ಆತ ನಾಲ್ಕು ಲೇಬಲ್‌ಗಳಿಗೆ ಒಂಬತ್ತು ಸಿಂಗಲ್‌ಗಳನ್ನೂ ಒಂದು ಇಡೀ ಆಲ್ಬಮನ್ನೂ ಹಾಡಿ ಮುಗಿಸಿದ್ದ. ಒಂದೂ ನಿಜವಾದ ಗೆಲುವು ಕಾಣಲಿಲ್ಲ.

ಈ ಸೋಲುಗಳನ್ನು ಸಾಮಾನ್ಯವಾಗಿ ಜೀವನಚರಿತ್ರೆಗಳ ಮೊದಲ ಅಧ್ಯಾಯದಲ್ಲಿ ಬೇಗಬೇಗ ದಾಟಿಬಿಡುತ್ತಾರೆ. ಅಭಿಮಾನಿಯಾಗಿ ನನಗನಿಸುವುದು ಬೇರೆ. 1972ರಲ್ಲಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರ ಒಮ್ಮೆಗೇ ಅವತರಿಸಿತು ಎಂದು ನಂಬಿದವರು ಬೋವಿಯ ಅರ್ಧ ಕೆಲಸವನ್ನಷ್ಟೇ ಕೇಳಿದ್ದಾರೆ. ಪಾತ್ರವಾಗಿ ಹಾಡುವುದನ್ನು ಆತ ಕಲಿತದ್ದು ಈ ಸೋತ ತಟ್ಟೆಗಳಲ್ಲಿ. ಕಲಿಕೆಯ ಹಾದಿ ಕಾಣಬೇಕಾದರೆ ಅವನ್ನು ಮಾರುಕಟ್ಟೆಗೆ ಬಂದ ಕ್ರಮ ಬಿಟ್ಟು, ಮುದ್ರಣಗೊಂಡ ಕ್ರಮದಲ್ಲಿ ಕೇಳಬೇಕು.

ಅಮೆರಿಕದ ದನಿಯ ಬೆನ್ನು ಹತ್ತಿ: 1963–65

ಡೇವಿಡ್ ರಾಬರ್ಟ್ ಜೋನ್ಸ್ ಹುಟ್ಟಿದ್ದು 1947ರ ಜನವರಿ 8ರಂದು, ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ; ಬೆಳೆದದ್ದು ಹೊರವಲಯದ ಬ್ರಾಮ್ಲಿಯಲ್ಲಿ. ಮೊದಲು ಕೈಹಿಡಿದ ವಾದ್ಯ ಸ್ಯಾಕ್ಸೊಫೋನ್. ಜಾಜ್ ವಾದಕ ರಾನಿ ರಾಸ್ ಬಳಿ ಹುಡುಗ ಕೆಲವು ಪಾಠ ಕಲಿತ. 1972ರಲ್ಲಿ ಲೂ ರೀಡ್‌ನ ‘ವಾಕ್ ಆನ್ ದ ವೈಲ್ಡ್ ಸೈಡ್’ ಹಾಡನ್ನು ಮಿಕ್ ರಾನ್ಸನ್ ಜೊತೆಗೂಡಿ ನಿರ್ಮಿಸುವಾಗ ಬೋವಿ ಅದೇ ಗುರುವಿನಿಂದ ಕೊನೆಯ ಸ್ಯಾಕ್ಸೊಫೋನ್ ಭಾಗವನ್ನು ನುಡಿಸಿಕೊಂಡ.

ನಮಗೆ ಗೊತ್ತಿರುವ ಅತಿ ಹಳೆಯ ಸ್ಟುಡಿಯೊ ಮುದ್ರಣ ಕಾನ್‌ರ‍್ಯಾಡ್ಸ್ ತಂಡದೊಂದಿಗೆ 1963ರಲ್ಲಿ ಹಾಡಿದ ‘ಐ ನೆವರ್ ಡ್ರೀಮ್ಡ್’. ಡೆಕ್ಕಾ ಕಂಪನಿಗೆ ಒಪ್ಪಿಸಲು ಮಾಡಿದ ಡೆಮೊ ಅದು, ಕಂಪನಿ ಒಪ್ಪಲಿಲ್ಲ. ತಂಡದ ಡ್ರಮ್ಮರ್ ಡೇವಿಡ್ ಹ್ಯಾಡ್‌ಫೀಲ್ಡ್ ಬಳಿ ಹಳೆಯ ಬ್ರೆಡ್ ಬುಟ್ಟಿಯೊಂದರಲ್ಲಿ ಉಳಿದಿದ್ದ ಟೇಪು 2018ರ ಹರಾಜಿನಲ್ಲಿ 39,000 ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಮೊದಲ ಸಿಂಗಲ್ ‘ಲೈಜಾ ಜೇನ್’ 1964ರ ಜೂನ್ 5ರಂದು ಬಂತು. ತಟ್ಟೆಯ ಮೇಲಿನ ಹೆಸರು ‘ಡೇವಿ ಜೋನ್ಸ್ ವಿತ್ ದ ಕಿಂಗ್ ಬೀಸ್’. ಆಗಿನ ಲಂಡನ್ ಹುಡುಗರೆಲ್ಲರ ಹಾಗೆ ಡೇವಿಯೂ ಅಮೆರಿಕದ ಕಪ್ಪು ಗಾಯಕರ ರಿದಮ್ ಅಂಡ್ ಬ್ಲೂಸ್‌ಗೆ ಮನಸೋತಿದ್ದ. ಆ ಗಡಸನ್ನು ಗಂಟಲಿಗೆ ತರಲು ಹೆಣಗುವುದು ಇಲ್ಲಿ ಸ್ಪಷ್ಟವಾಗಿ ಕೇಳುತ್ತದೆ. 1965ರ ಮಾರ್ಚ್‌ನಲ್ಲಿ ಮ್ಯಾನಿಶ್ ಬಾಯ್ಸ್ ತಂಡದೊಂದಿಗೆ ಪಾರ್ಲೊಫೋನ್‌ಗೆ ಹಾಡಿದ ‘ಐ ಪಿಟಿ ದ ಫೂಲ್’ ಇನ್ನಷ್ಟು ಗಟ್ಟಿ. ನಿರ್ಮಾಪಕ ಶೆಲ್ ಟಾಲ್ಮಿ. ಗಿಟಾರ್ ನುಡಿಸಿದ್ದು ಆಗ ಸ್ಟುಡಿಯೊ ವಾದಕನಾಗಿದ್ದ ಜಿಮ್ಮಿ ಪೇಜ್. ಆದರೆ ನಮಗೆ ಮುಖ್ಯವಾದದ್ದು ತಟ್ಟೆಯ ಹಿಂಬದಿಯ ‘ಟೇಕ್ ಮೈ ಟಿಪ್’. ಬೋವಿ ಸ್ವತಃ ಬರೆದ ಹಾಡೊಂದು ಮೊದಲ ಬಾರಿಗೆ ತಟ್ಟೆಯಾಗಿ ಬಂದದ್ದು ಅದರಲ್ಲಿ. ಎರವಲು ತಂದ ಹಾಡು ಮುಂದೆ, ಸ್ವಂತದ್ದು ಹಿಂದೆ. ಈ ಅದಲು-ಬದಲು ಸರಿಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ: ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ‘ಯೂವ್ ಗಾಟ್ ಎ ಹ್ಯಾಬಿಟ್ ಆಫ್ ಲೀವಿಂಗ್’ ತಟ್ಟೆಯ ಎರಡೂ ಬದಿಯ ಹಾಡುಗಳು ಅವನವೇ.

ಹೊಸ ಹೆಸರು, ತನ್ನ ಊರು: 1966

ಡೇವಿ ಜೋನ್ಸ್ ಎಂಬ ಇನ್ನೊಬ್ಬ ಗಾಯಕ-ನಟ ಆಗಲೇ ಹೆಸರು ಮಾಡುತ್ತಿದ್ದ. ಮುಂದೆ ಮಂಕೀಸ್ ತಂಡ ಸೇರಿದವನು. ಹಾಗಾಗಿ 1965ರ ಸೆಪ್ಟೆಂಬರಿನಲ್ಲಿ ನಮ್ಮ ಡೇವಿ ಬೋವಿಯಾದ. ಅದೇ ವರ್ಷದ ನವೆಂಬರಿನಲ್ಲಿ ಲೋಯರ್ ಥರ್ಡ್ ತಂಡದೊಂದಿಗೆ ಬಿಬಿಸಿಯ ಧ್ವನಿಪರೀಕ್ಷೆಗೆ ಹೋದಾಗ ತೀರ್ಪುಗಾರರು ಇವನಲ್ಲಿ ವ್ಯಕ್ತಿತ್ವವೇ ಇಲ್ಲವೆಂದು ಷರಾ ಬರೆದು ತಂಡವನ್ನು ತಿರಸ್ಕರಿಸಿದರು.

1966ರ ಜನವರಿಯಲ್ಲಿ ಪೈ ಲೇಬಲ್‌ನಿಂದ ಬಂದ ‘ಕಾಂಟ್ ಹೆಲ್ಪ್ ಥಿಂಕಿಂಗ್ ಅಬೌಟ್ ಮಿ’ ಬೋವಿ ಹೆಸರಿನ ಮೊದಲ ತಟ್ಟೆ. ಮನೆಗೆ ಕೆಟ್ಟ ಹೆಸರು ತಂದು ಊರು ಬಿಡುವ ಹುಡುಗನ ಕಥೆ ಇದು. ಅಮೆರಿಕದ ಅನುಕರಣೆ ಸರಿದು, ಲಂಡನ್ನಿನ ಹೊರವಲಯದ ರೈಲು ನಿಲ್ದಾಣವೂ ಹಳೆಯ ಗೆಳೆಯರೂ ಹಾಡಿನೊಳಗೆ ಬಂದರು. ನಿರ್ಮಾಪಕ ಟೋನಿ ಹ್ಯಾಚ್ ಜೊತೆ ಇನ್ನೂ ಎರಡು ಸಿಂಗಲ್ ಅದೇ ವರ್ಷ ಬಂದವು. ಎರಡೂ ಮಾರಾಟವಾಗಲಿಲ್ಲ, ಪೈ ಕೈಬಿಟ್ಟಿತು. 1999ರಲ್ಲಿ ವಿಎಚ್1 ವಾಹಿನಿಯ ‘ಸ್ಟೋರಿಟೆಲ್ಲರ್ಸ್’ ಕಾರ್ಯಕ್ರಮಕ್ಕೆ ಬಂದ ಬೋವಿ ಮೂರು ದಶಕಗಳ ಮೇಲೆ ‘ಕಾಂಟ್ ಹೆಲ್ಪ್ ಥಿಂಕಿಂಗ್ ಅಬೌಟ್ ಮಿ’ಯನ್ನು ಮತ್ತೆ ಎತ್ತಿಕೊಂಡ.

ಡೆರಾಮ್ ವರ್ಷಗಳು: 1966–68

ಇಡೀ ಆರಂಭಕಾಲದಲ್ಲಿ ಅತಿ ಹೆಚ್ಚು ನಿಂದೆಗೆ ಗುರಿಯಾದದ್ದೂ ನನ್ನ ಮಟ್ಟಿಗೆ ಅತಿ ಹೆಚ್ಚು ಫಲ ಕೊಟ್ಟದ್ದೂ ಈ ಘಟ್ಟ. ಡೆರಾಮ್ ಎಂಬುದು ಡೆಕ್ಕಾ ತೆರೆದ ಹೊಸ ಲೇಬಲ್. 1966ರ ಡಿಸೆಂಬರಿನಲ್ಲಿ ಅಲ್ಲಿಂದ ಬಂದ ಮೊದಲ ತಟ್ಟೆಯ ಒಂದು ಬದಿಗೆ ‘ರಬ್ಬರ್ ಬ್ಯಾಂಡ್’: ಮೊದಲ ಮಹಾಯುದ್ಧದ ಕಾಲದ ಗಂಡಸೊಬ್ಬ ತನ್ನ ಪ್ರೇಯಸಿ ಬ್ಯಾಂಡಿನ ನಾಯಕನ ಪಾಲಾದ ದುಃಖವನ್ನು ಟ್ಯೂಬಾ ವಾದ್ಯದ ಹಿನ್ನೆಲೆಯಲ್ಲಿ ಹೇಳುತ್ತಾನೆ. ಇನ್ನೊಂದು ಬದಿಗೆ ‘ದ ಲಂಡನ್ ಬಾಯ್ಸ್’: ಸೋಹೊ ಬೀದಿಗಳ ಮೋಹಕ್ಕೆ ಮನೆ ಬಿಟ್ಟು ಬಂದ, ಮಾತ್ರೆಗಳ ನಶೆಗೆ ಬಿದ್ದ ಹದಿನೇಳರ ಎಳೆಯ ಜೀವವೊಂದರ ಒಂಟಿತನ. ಮೆಲ್ಲಗೆ ಆರಂಭವಾಗಿ ಕಹಳೆಗಳೊಂದಿಗೆ ಏರುವ ಈ ಹಾಡನ್ನು ಬರೆದಾಗ ಆತನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಓರಗೆಯವರು ‘ಮಾಡ್’ ಯುವಕರ ಷೋಕಿ ಜೀವನವನ್ನು ಹಾಡಿ ಹೊಗಳುತ್ತಿದ್ದಾಗ ಆತ ಅದರ ಮಾರನೆಯ ಬೆಳಗನ್ನು ಕಂಡಿದ್ದ.

1967ರ ಜೂನ್ 1ರಂದು ‘ಡೇವಿಡ್ ಬೋವಿ’ ಎಂಬ ಮೊದಲ ಆಲ್ಬಂ ಬಂತು. ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ಗೂ ಅಧಿಕೃತ ಬಿಡುಗಡೆಯ ದಿನ ಅದೇ. ನಿರ್ಮಾಪಕ ಮೈಕ್ ವರ್ನನ್, ಎಂಜಿನಿಯರ್ ಗಸ್ ಡಜನ್. ವಾದ್ಯಸಂಯೋಜನೆಗೆ ಬೋವಿಯೂ ಬಾಸ್ ವಾದಕ ಡೆಕ್ ಫರ್ನ್ಲಿಯೂ ಒಂದು ಕೈಪಿಡಿಯ ನೆರವಿನಿಂದ ಸ್ವರಲಿಪಿ ಬರೆಯಲು ತಾವೇ ಕಲಿತರು. ಹದಿನಾಲ್ಕು ಹಾಡುಗಳಲ್ಲಿ ರಾಕ್ ಎನ್ನುವಂಥದ್ದು ಬಹಳ ಕಡಿಮೆ. ದನಿಯಲ್ಲಿ ನಟ-ಗಾಯಕ ಆಂಥನಿ ನ್ಯೂಲಿಯ ನೆರಳು ದಟ್ಟವಾಗಿದೆ; ಅಮೆರಿಕದ ಉಚ್ಚಾರಣೆ ಬಿಟ್ಟು ಲಂಡನ್ನಿನ ನಾಲಿಗೆಯಲ್ಲೇ ಹಾಡಬಹುದು ಎಂಬುದನ್ನು ಬೋವಿ ಅವನಿಂದ ಕಲಿತ. ಆ ಉಚ್ಚಾರಣೆ ಮುಂದೆ ಕೊನೆಯವರೆಗೂ ಅವನ ಗುರುತಾಯಿತು.

ಆಲ್ಬಮಿನ ವಿಷಯಗಳನ್ನು ನೋಡಿ. ‘ವಿ ಆರ್ ಹಂಗ್ರಿ ಮೆನ್’ನಲ್ಲಿ ಜನಸಂಖ್ಯೆ ಮಿತಿಮೀರಿದ ಲೋಕ, ತಾನೇ ಉದ್ಧಾರಕನೆಂದು ಸಾರುವ ನಾಯಕ. ‘ಶೀಸ್ ಗಾಟ್ ಮೆಡಲ್ಸ್’ನಲ್ಲಿ ಗಂಡುವೇಷ ಧರಿಸಿ ಸೈನ್ಯ ಸೇರಿದ ಹೆಣ್ಣು. ‘ಸಿಲ್ಲಿ ಬಾಯ್ ಬ್ಲೂ’ನಲ್ಲಿ ಲ್ಹಾಸಾದ ಹುಡುಗ, ಆ ದಿನಗಳಲ್ಲಿ ಬೋವಿ ಟಿಬೆಟಿನ ಬೌದ್ಧಮತದ ಕಡೆ ಗಾಢವಾಗಿ ವಾಲಿದ್ದ. ಕೊನೆಯ ‘ಪ್ಲೀಸ್ ಮಿಸ್ಟರ್ ಗ್ರೇವ್‌ಡಿಗ್ಗರ್’ನಲ್ಲಿ ವಾದ್ಯವೇ ಇಲ್ಲ. ಮಳೆ, ಗುಡುಗು, ಜಲ್ಲಿಯ ಮೇಲಿನ ಹೆಜ್ಜೆ, ಸೀನು. ಇವುಗಳ ನಡುವೆ ಮಗುವನ್ನು ಕೊಂದವನೊಬ್ಬ ಸ್ಮಶಾನದಲ್ಲಿ ನಿಂತು ಗುಣುಗುತ್ತಾನೆ. ಹಾಳಾಗುತ್ತಿರುವ ಲೋಕ, ಸ್ವಯಂಘೋಷಿತ ಉದ್ಧಾರಕ, ಗಂಡು-ಹೆಣ್ಣಿನ ಗೆರೆ ಅಳಿಸಿದ ವೇಷ: 1972ರ ಜಿಗ್ಗಿಗೆ ಬೇಕಾದ ಸಾಮಗ್ರಿಯೆಲ್ಲ ಐದು ವರ್ಷ ಮೊದಲೇ ಇಲ್ಲಿ ಹರಡಿಕೊಂಡಿದೆ. ಇಲ್ಲದಿರುವುದು ಎರಡೇ: ರಾಕ್ ಸಂಗೀತದ ಕಸುವು, ಮತ್ತು ಬಿಡಿಬಿಡಿ ಪಾತ್ರಗಳನ್ನು ಒಂದೇ ದೇಹದಲ್ಲಿ ಕೂಡಿಸುವ ಉಪಾಯ.

1967ರ ಏಪ್ರಿಲ್‌ನಲ್ಲಿ ಬಂದ ‘ದ ಲಾಫಿಂಗ್ ನೋಮ್’ ವೇಗ ಹೆಚ್ಚಿಸಿದ ದನಿಗಳ ಮಕ್ಕಳಾಟದ ಹಾಡು. ಆಗ ಸೋತ ಇದನ್ನು 1973ರಲ್ಲಿ ಮರುಬಿಡುಗಡೆ ಮಾಡಿದಾಗ 6ನೇ ಸ್ಥಾನಕ್ಕೇರಿತು. ಇದನ್ನು ಇಡೀ ಘಟ್ಟದ ಪ್ರತಿನಿಧಿ ಎಂದು ಭಾವಿಸಿದ್ದರಿಂದಲೇ ಡೆರಾಮ್ ಹಾಡುಗಳಿಗೆ ದೊಡ್ಡ ಅನ್ಯಾಯವಾಯಿತು. 1967ರ ಸೆಪ್ಟೆಂಬರಿನಲ್ಲಿ ನಿರ್ಮಾಪಕ ಟೋನಿ ವಿಸ್ಕಾಂಟಿ ಜೊತೆ ಮೊದಲ ಬಾರಿ ಕೂತು ಮಾಡಿದ ‘ಲೆಟ್ ಮಿ ಸ್ಲೀಪ್ ಬಿಸೈಡ್ ಯೂ’ ಗಿಟಾರ್ ತುಂಬಿದ, ಮೈಯಲ್ಲಿ ಕಾವಿರುವ ಹಾಡು. ಡೆಕ್ಕಾ ಅದನ್ನು ಸಿಂಗಲ್ ಆಗಿ ತರಲು ಒಪ್ಪಲಿಲ್ಲ. ‘ಇನ್ ದ ಹೀಟ್ ಆಫ್ ದ ಮಾರ್ನಿಂಗ್’ಗೂ ಅದೇ ಗತಿ. 1968ರಲ್ಲಿ ಸಂಬಂಧ ಕಡಿಯಿತು.

ಕೋಣೆಯ ಟೇಪುಗಳು: 1968–69

ಕಂಪನಿಯಿಲ್ಲದ ಒಂದು ವರ್ಷ ಬೋವಿ ಲಿಂಡ್ಸೆ ಕೆಂಪ್ ಜೊತೆ ಮೂಕಾಭಿನಯದಲ್ಲಿ, ಪ್ರೇಯಸಿ ಹರ್ಮಿಯೋನಿ ಫಾರ್ದಿಂಗೇಲ್ ಹಾಗೂ ಗಿಟಾರಿಸ್ಟ್ ಜಾನ್ ಹಚಿನ್ಸನ್ ಇದ್ದ ‘ಫೆದರ್ಸ್’ ಎಂಬ ಪುಟ್ಟ ತಂಡದಲ್ಲಿ ಕಳೆದ. ಫ್ರೆಂಚ್ ಹಾಡು ‘ಕೊಮ್ ದಾಬಿತ್ಯೂದ್’ಗೆ 1968ರಲ್ಲಿ ಇಂಗ್ಲಿಷ್ ಸಾಹಿತ್ಯ ಬರೆದ, ಅದು ಸ್ವೀಕೃತವಾಗಲಿಲ್ಲ. ಅದೇ ಮಟ್ಟಿಗೆ ಪಾಲ್ ಆಂಕಾ ಬರೆದ ‘ಮೈ ವೇ’ ಫ್ರಾಂಕ್ ಸಿನಾತ್ರಾನ ಕಂಠದಲ್ಲಿ ಲೋಕಪ್ರಸಿದ್ಧವಾಯಿತು. ಆ ಕಹಿಗೆ ಬೋವಿ ಕೊಟ್ಟ ಉತ್ತರ 1971ರ ‘ಲೈಫ್ ಆನ್ ಮಾರ್ಸ್?’.

1969ರ ಆರಂಭದ ಟೇಪುಗಳಲ್ಲಿ ಎರಡು ಗಿಟಾರ್, ಎರಡು ಕಂಠಗಳಷ್ಟೇ. ‘ಸ್ಪೇಸ್ ಆಡಿಟಿ’ಯ ಡೆಮೊದಲ್ಲಿ ಭೂಮಿಯ ನಿಯಂತ್ರಣ ಕೇಂದ್ರದ ಮಾತು ಹಚಿನ್ಸನ್‌ದು, ಗಗನಯಾತ್ರಿಯ ಮಾತು ಬೋವಿಯದು. ಗಂಭೀರವಾದ ಅಂತಿಮ ರೂಪದಲ್ಲಿ ಒಬ್ಬನೇ ಎರಡೂ ಆಗುತ್ತಾನೆ. ಡೆಮೊದಲ್ಲಿ ಇಬ್ಬರು ಗೆಳೆಯರು ದೂರವಾಗುವುದು ಅಕ್ಷರಶಃ ಕೇಳುತ್ತದೆ. ‘ಲವರ್ ಟು ದ ಡಾನ್’ ಎಂಬ ಪ್ರೇಮಗೀತೆಯ ಡೆಮೊ ಕೆಲವೇ ತಿಂಗಳಲ್ಲಿ ‘ಸಿಗ್ನೆಟ್ ಕಮಿಟಿ’ ಎಂಬ ರಾಜಕೀಯ ಭ್ರಮನಿರಸನದ ದೀರ್ಘ ಹಾಡಾಗಿ ಬೆಳೆಯಿತು. ಬೋವಿ ಯಾವ ಮಟ್ಟನ್ನೂ ವ್ಯರ್ಥ ಮಾಡುತ್ತಿರಲಿಲ್ಲ. ‘ಚಿಂಗ್-ಅ-ಲಿಂಗ್’ನ ಧಾಟಿ 1970ರ ‘ಸೇವಿಯರ್ ಮಷೀನ್’ಗೆ ಹೋಯಿತು, 1970ರ ಸುಮಾರಿನ ‘ಟೈರ್ಡ್ ಆಫ್ ಮೈ ಲೈಫ್’ ಡೆಮೊ ಹತ್ತು ವರ್ಷ ಕಾದು 1980ರ ‘ಇಟ್ಸ್ ನೋ ಗೇಮ್’ ಆಯಿತು.

ಗೆಲುವಿನ ಬಳಿಕವೂ ಸೋಲು ಬಿಡಲಿಲ್ಲ. 1971ರ ಮೇ ತಿಂಗಳಲ್ಲಿ ‘ಆರ್ನಾಲ್ಡ್ ಕಾರ್ನ್ಸ್’ ಎಂಬ ಹುಸಿ ಹೆಸರಿನಲ್ಲಿ ‘ಮೂನೇಜ್ ಡೇಡ್ರೀಮ್’ ಹೊರತಂದಾಗ ಯಾರೂ ತಿರುಗಿ ನೋಡಲಿಲ್ಲ. ಮರುವರ್ಷ ಮಿಕ್ ರಾನ್ಸನ್‌ನ ಗಿಟಾರಿನೊಂದಿಗೆ, ಜಿಗ್ಗಿಯ ಬಾಯಲ್ಲಿ ಅದೇ ಹಾಡು ಬಂದಾಗ ಕಥೆಯೇ ಬದಲಾಯಿತು. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಬೇರೆ ಪುರಾವೆ ಬೇಡ: ಹಾಡು ಮೊದಲೇ ಇತ್ತು, ಹಾಡುವ ಪಾತ್ರ ಇನ್ನೂ ಬಂದಿರಲಿಲ್ಲ.

ಕಪಾಟಿನಿಂದ ಹೊರಗೆ

ಈ ಹಾಡುಗಳು ನಮ್ಮ ಕಿವಿಗೆ ಬಿದ್ದ ಬಗೆಗೂ ಒಂದು ಚರಿತ್ರೆಯಿದೆ. ಮೊದಲ ಹಂತ ಕಂಪನಿಗಳ ಲಾಭದ್ದು. 1970ರಲ್ಲಿ ಡೆಕ್ಕಾ ‘ದ ವರ್ಲ್ಡ್ ಆಫ್ ಡೇವಿಡ್ ಬೋವಿ’ ತಂದಿತು. ಜಿಗ್ಗಿಯ ಅಲೆ ಎದ್ದಮೇಲೆ 1973ರಲ್ಲಿ ‘ಇಮೇಜಸ್ 1966–1967’ ಬಂತು. ಹಳೆಯದನ್ನೇ ಹೊಸತೆಂಬಂತೆ ಮಾರಿದರೂ, ಅಂದು ತಿರಸ್ಕೃತವಾದ ಕೆಲವು ಹಾಡುಗಳು ಬೆಳಕು ಕಂಡದ್ದು ಹೀಗೆ. ಎರಡನೆಯ ಹಂತ ಸಿಡಿ ಯುಗದ್ದು. ರೈನೊ ಕಂಪನಿಯ ‘ಅರ್ಲಿ ಆನ್’ 1991ರಲ್ಲಿ 1964–66ರ ಸಿಂಗಲ್‌ಗಳನ್ನೂ ಟಾಲ್ಮಿಯ ಬಳಿಯಿದ್ದ ಡೆಮೊಗಳನ್ನೂ ಒಂದೆಡೆ ತಂದಿತು. 1997ರಲ್ಲಿ ‘ದ ಡೆರಾಮ್ ಆಂಥಾಲಜಿ’ ಮುಂದಿನ ಘಟ್ಟವನ್ನು ಸೇರಿಸಿತು. ಇದರ ಜೊತೆಗೇ ಅಭಿಮಾನಿಗಳ ವಿದ್ವತ್ತು ಬೆಳೆಯಿತು. ನಿಕೊಲಸ್ ಪೆಗ್, ಕೆವಿನ್ ಕ್ಯಾನ್, ಕ್ರಿಸ್ ಒಲಿಯರಿ ಅವರ ಪುಸ್ತಕಗಳಿಲ್ಲದೆ ಯಾವ ಹಾಡು ಎಂದು, ಯಾರೊಂದಿಗೆ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಮೂರನೆಯ ಹಂತಕ್ಕೆ ಕಾನೂನಿನ ಹಿನ್ನೆಲೆಯಿದೆ. 2013ರಿಂದ ಜಾರಿಗೆ ಬಂದ ಯುರೋಪಿನ ನಿಯಮ ಧ್ವನಿಮುದ್ರಿಕೆಗಳ ಹಕ್ಕಿನ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಆದರೆ ಐವತ್ತು ವರ್ಷ ಬಿಡುಗಡೆಯಾಗದೆ ಉಳಿದದ್ದಕ್ಕೆ ಆ ರಕ್ಷೆ ಇಲ್ಲ. ಅಲ್ಲಿಂದ ಡಿಲನ್, ಬೀಟಲ್ಸ್ ಹೀಗೆ ಅರವತ್ತರ ದಶಕದವರ ಟೇಪುಗಳು ಗಡುವಿಗೆ ಮುನ್ನ ಹೊರಬರತೊಡಗಿದವು. ಬೋವಿಯ 1968–69ರ ಡೆಮೊಗಳು ‘ಸ್ಪೈಯಿಂಗ್ ಥ್ರೂ ಎ ಕೀಹೋಲ್’, ‘ಕ್ಲೇರ್‌ವಿಲ್ ಗ್ರೋವ್ ಡೆಮೋಸ್’, ‘ದ ಮರ್ಕ್ಯುರಿ ಡೆಮೋಸ್’, ಕೊನೆಗೆ ‘ಕಾನ್ವರ್ಸೇಶನ್ ಪೀಸ್’ ಪೆಟ್ಟಿಗೆಯಾಗಿ ಬಂದದ್ದೂ ಸರಿಯಾಗಿ 2019ರಲ್ಲೇ.

ಬೋವಿ ತಾನೇ ಈ ಹಾಡುಗಳತ್ತ ಇಡಿಯಾಗಿ ಹಿಂದಿರುಗಿದ್ದು 2000ದಲ್ಲಿ. ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದ ಬೆನ್ನಿಗೇ ತಂಡವನ್ನು ಸ್ಟುಡಿಯೊಗೆ ಕರೆದೊಯ್ದು, ನಿರ್ಮಾಪಕ ಮಾರ್ಕ್ ಪ್ಲಾಟಿ ಜೊತೆ ಹಳೆಯ ಹಾಡುಗಳನ್ನು ಹೊಸದಾಗಿ ಮುದ್ರಿಸಿ ‘ಟಾಯ್’ ಎಂದು ಹೆಸರಿಟ್ಟ. ಕಂಪನಿ ಅದನ್ನು ಮುಂದೂಡುತ್ತಲೇ ಹೋಯಿತು. ಬೋವಿ ಆ ಕಂಪನಿಯನ್ನೇ ಬಿಟ್ಟ. 2011ರಲ್ಲಿ ಒಂದು ರೂಪ ಅಂತರ್ಜಾಲದಲ್ಲಿ ಸೋರಿಕೆಯಾಯಿತು. ಅಧಿಕೃತವಾಗಿ ಬಂದದ್ದು 2021ರಲ್ಲಿ, ಆತ ತೀರಿಕೊಂಡ ಐದು ವರ್ಷಗಳ ಮೇಲೆ. ಹರೆಯದ ಹಾಡುಗಳಿಗೆ ಇಳಿವಯಸ್ಸಿನಲ್ಲೂ ತಿರಸ್ಕಾರವೇ ಮೊದಲು ಸಿಕ್ಕಿತು. ಆದರೂ ತನ್ನ ಆರಂಭವನ್ನು ನಾಚಿಕೆಯಿಂದ ಮುಚ್ಚಿಡದೆ ಮತ್ತೆ ಕೈಗೆತ್ತಿಕೊಂಡ ಆ ನಿರ್ಧಾರವನ್ನು ನಾನು ಅವನ ದೊಡ್ಡ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ಎಲ್ಲಿಂದ ಕೇಳಬೇಕು

ಹೊಸಬರು ‘ಲೈಜಾ ಜೇನ್’ನಿಂದ ತೊಡಗಬೇಕಿಲ್ಲ. 1966ರ ‘ದ ಲಂಡನ್ ಬಾಯ್ಸ್’ ಕೇಳಿ, ಕೂಡಲೇ ‘ಟಾಯ್’ನಲ್ಲಿರುವ ಅದೇ ಹಾಡನ್ನು ಕೇಳಿ. ಮೊದಲನೆಯದರಲ್ಲಿ ಹತ್ತೊಂಬತ್ತರ ಹುಡುಗ ಆ ಬೀದಿಯೊಳಗೇ ಇದ್ದಾನೆ, ಎರಡನೆಯದರಲ್ಲಿ ಐವತ್ತಮೂರರ ಗಂಡಸು ಅವನ ಬಗ್ಗೆ ಮರುಕಪಡುತ್ತಾನೆ. ಆಮೇಲೆ 1967ರ ಆಲ್ಬಂ, 1969ರ ಡೆಮೊಗಳು, ಆರ್ನಾಲ್ಡ್ ಕಾರ್ನ್ಸ್, ಕೊನೆಗೆ ಜಿಗ್ಗಿ. ಈ ಕ್ರಮದಲ್ಲಿ ಬಂದವರಿಗೆ ಜಿಗ್ಗಿಯ ಹಿಂದೆ ಒಂದು ದಶಕದ ದುಡಿಮೆ ಕಾಣುತ್ತದೆ. ನಾಲ್ಕು ನಿರ್ಮಾಪಕರು, ನಾಲ್ಕು ಲೇಬಲ್‌ಗಳು, ಒಂದು ರೇಡಿಯೊ ಸಂಸ್ಥೆ ಸೇರಿ ಇವನಿಂದಾಗದು ಎಂದು ತೋರಿಸಿಕೊಟ್ಟ ಮೇಲೂ ಪ್ರತಿ ಸಲ ಬೇರೆ ದನಿಯೊಂದನ್ನು ಹೊತ್ತು ತಂದವನ ದುಡಿಮೆ ಅದು. ಆ ಮೊಂಡುತನಕ್ಕೆ ಪುರಾವೆ ಹಿಟ್ ಹಾಡುಗಳಲ್ಲಿ ಸಿಗುವುದಿಲ್ಲ. ಸೋತ ಹಾಡುಗಳನ್ನು ಉಳಿಸಿ ಕೇಳಬೇಕಾದದ್ದು ಅದಕ್ಕೇ.