ಹೊಗೆಸೊಪ್ಪಿನ ಬೇರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಬಲ್ಲವರಿಗೆ ಹೊಗೆಸೊಪ್ಪಿನ ಪರಿಚಯ ಹೇಳಬೇಕಾಗಿಲ್ಲ. ಸೊಪ್ಪನ್ನು ಬ್ಯಾರನ್ನಿನಲ್ಲಿ ಹದಗೊಳಿಸಿ ಹರಾಜು ಕಟ್ಟೆಗೆ ಒಯ್ಯುವ ರೈತನ ಲೆಕ್ಕವೆಲ್ಲ ಎಲೆಯದು. ನಮ್ಮ ನುಡಿಯೂ ಎಲೆಯನ್ನೇ ಕಂಡು ಗಿಡಕ್ಕೆ ಹೆಸರಿಟ್ಟಿತು. ಆದರೆ ಇದರ ಚರಿತ್ರೆಯಲ್ಲಿ ಬೇರಿಗೂ ಒಂದು ಅಧ್ಯಾಯವುಂಟು.

16ನೆಯ ಶತಮಾನದಲ್ಲಿ ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಝಾನ್ ನಿಕೊ ಈ ಗಿಡವನ್ನು ಮದ್ದೆಂದು ತನ್ನ ಅರಮನೆಗೆ ಕಳುಹಿಸಿದನು. 1828ರಲ್ಲಿ ಹೈಡೆಲ್‌ಬರ್ಗಿನ ಪೊಸೆಲ್ಟ್ ಮತ್ತು ರೈಮನ್ ಅದರ ಸಾರವನ್ನು ಬೇರ್ಪಡಿಸಿದರು. ನಿಕೊನ ಹೆಸರನ್ನು ಹೊತ್ತ ಆ ಸಾರವೇ ನಿಕೊಟಿನ್ ಎಂಬ ಆಲ್ಕಲಾಯ್ಡು. ಅದು ವಿಷವೂ ಹೌದು.

ಅದು ಹುಟ್ಟುವುದು ಎಲ್ಲಿ? 1940ರ ದಶಕದಲ್ಲಿ ಅಮೆರಿಕದ ರೇ ಡಾಸನ್ ಟೊಮೇಟೊ ಬೇರಿನ ಮೇಲೆ ಹೊಗೆಸೊಪ್ಪಿನ ಕುಡಿಯನ್ನು ಕಸಿಮಾಡಿದರು. ಎಲೆಯಲ್ಲಿ ನಿಕೊಟಿನ್ ತುಂಬಲಿಲ್ಲ. ಹೊಗೆಸೊಪ್ಪಿನ ಬೇರಿನ ಮೇಲೆ ಟೊಮೇಟೊ ಕಸಿಮಾಡಿದಾಗ ಅದರ ಎಲೆಗೇ ನಿಕೊಟಿನ್ ಏರಿತು. ಬೇರಿನಲ್ಲಿ ಹುಟ್ಟಿದ್ದು ರಸದೊಡನೆ ಎಲೆಗೆ ಬರುತ್ತದೆ. ಹೂಗೊಂಚಲನ್ನು ಚಿವುಟಿದರೆ ಸೊಪ್ಪು ಕಟುವಾಗುವುದೂ ಬೇರಿನ ಕೆಲಸ ಹೆಚ್ಚುವುದರಿಂದಲೇ.

ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯು ಗಿಡದ ಗಾಯದೊಳಕ್ಕೆ ತನ್ನ ಜೀನುಗಳನ್ನು ಸೇರಿಸಿದರೆ, ಅಲ್ಲಿಂದ ಕೂದಲಿನಂಥ ಬೇರುಗಳು ಹೊರಡುತ್ತವೆ. ಅವು ಮಣ್ಣಿಲ್ಲದೆ ಗಾಜಿನ ಪಾತ್ರೆಯಲ್ಲಿಯೇ ಬೆಳೆಯಬಲ್ಲವು. 1990ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ ಮತ್ತು ಸಂಗಡಿಗರು ನಿಕೊಟಿಯಾನ ರಸ್ಟಿಕದ ಇಂಥ ಬೇರುಗಳಿಗೆ ಯೀಸ್ಟಿನ ಜೀನೊಂದನ್ನು ಸೇರಿಸಿ, ನಿಕೊಟಿನ್ ಸುಮಾರು ಇಮ್ಮಡಿಯಾಗಬಹುದೆಂದು ತೋರಿಸಿದರು. ಅದಕ್ಕಿಂತ ಹೆಚ್ಚಿನ ಹಿಗ್ಗು ಸುಲಭವಲ್ಲ: ಒಂದು ಬಾಗಿಲು ತೆರೆದರೆ ಮುಂದಿನದು ಮುಚ್ಚಿರುತ್ತದೆ.

ಯಾರಿಗೂ ಹೆಚ್ಚಿನ ನಿಕೊಟಿನ್ ಬೇಕಾಗಿಲ್ಲ. ಆದರೆ ಕಲಿತ ಪಾಠ ಮದ್ದಿನ ಬೇರುಗಳಿಗೆ ಬೇಕಾಗಿದೆ. ರಕ್ತದೊತ್ತಡಕ್ಕೆ ಮದ್ದಾದ ರಿಸರ್ಪಿನ್ ಸರ್ಪಗಂಧಿಯ ಬೇರಿನಿಂದ ಬಂದುದು. 1952ರಲ್ಲಿ ಅದನ್ನು ಬೇರ್ಪಡಿಸಿದ ಮೇಲೆ ಬೇಡಿಕೆ ಕಾಡುಗಳನ್ನು ಬರಿದುಮಾಡಿತು. ಎಲೆ ಕಿತ್ತರೆ ಗಿಡ ಉಳಿಯುತ್ತದೆ. ಬೇರು ಕಿತ್ತರೆ ಉಳಿಯದು. 1990ರಲ್ಲಿ ಸರ್ಪಗಂಧಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿ ಸೇರಿತು. 1993ರಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಅದರ ಕೂದಲುಬೇರುಗಳನ್ನು ಬೆಳೆಸಿದ ವಿಷಯವನ್ನು ಪ್ರಕಟಿಸಿದರು.

ಪಾತ್ರೆಯ ಬೇರು ದುಬಾರಿ. ಕಾಡಿನ ಬೇರು ಅಗ್ಗವಾಗಿ ಕಾಣುತ್ತದೆ. ಅದರ ನಿಜವಾದ ಬೆಲೆಯನ್ನು ತೆರುತ್ತಿರುವುದು ಕಾಡು. ಎಲೆಯನ್ನು ಕಂಡು ಹೆಸರಿಟ್ಟ ನಾವು ಇನ್ನು ಬೇರಿನ ಲೆಕ್ಕವನ್ನೂ ಇಡಬೇಕಾಗಿದೆ.